ಒಡೀಲ್ ಮಿಶೋ ಅಂಗಡಿಯ ಗುರುವಾರ

ನಮ್ಮೂರಿನಲ್ಲಿ ಗುರುವಾರ ಬಂತೆಂದರೆ ಒಡೀಲ್ ಮಿಶೋಳ ಹಾರ್ಡ್‌ವೇರ್ ಅಂಗಡಿಯೊಳಗೆ ಗಂಡಸರ ಸಾಲು. ವ್ಯಾಪಾರ ಜೋರಾಗಿತ್ತೆಂದು ತಿಳಿದೀರಿ ಮತ್ತೆ! ಒಬ್ಬೊಬ್ಬನೇ ಕೌಂಟರಿನ ಮುಂದೆ ಬಂದು, ಟೋಪಿ ತೆಗೆದು, ಕೆಲಸ ಏನಾದರೂ ಇದೆಯೇ ಎಂದು ಕೇಳುತ್ತಿದ್ದ. ಒಡೀಲ್ ಇಲ್ಲ ಎನ್ನುತ್ತಿದ್ದಳು. ಅವನು ಚಾಚಿದ ಸರ್ಕಾರಿ ಹಾಳೆಯ ಮೇಲೆ ಅಂಗಡಿಯ ಹೆಸರು, ತಾರೀಕು ಬರೆದು ರುಜು ಹಾಕಿಕೊಡುತ್ತಿದ್ದಳು. ಬರೀ ರುಜು ಹಾಕಿಸಿಕೊಂಡು ಹೋಗುವುದಕ್ಕೆ ನಾಚಿಕೆಯಾಗಿ ಒಬ್ಬ ನಾಲ್ಕು ವಾಷರು, ಇನ್ನೊಬ್ಬ ಒಂದು ಪೆನ್ಸಿಲು ಕೊಂಡುಕೊಂಡು ಹೋಗುತ್ತಿದ್ದ. ಆ ವರ್ಷ ನಮ್ಮೂರಿನ ಮನೆಮನೆಯಲ್ಲೂ ಬೇಡದ ವಾಷರುಗಳು ಡಬ್ಬಿಗಟ್ಟಲೆ ಸೇರಿದ್ದವು.

ಎಂಬತ್ತಮೂರರ ಫೆಬ್ರವರಿಯಲ್ಲಿ ಕ್ಲಿಪ್ ಫ್ಯಾಕ್ಟರಿ ಮುಚ್ಚಿತ್ತು. ತೊಂಬತ್ತು ವರ್ಷ ಬರ್ಚ್ ಮರ ಸೀಳಿ ಬಟ್ಟೆ ಒಣಹಾಕುವ ಕ್ಲಿಪ್ಪು ಮಾಡಿದ ಫ್ಯಾಕ್ಟರಿ ಅದು. ಅಮೆರಿಕದ ಹೆಂಗಸರೆಲ್ಲ ಬಟ್ಟೆ ಒಣಗಿಸುವ ಮೆಷಿನ್ನು ಕೊಂಡ ಮೇಲೆ ಕ್ಲಿಪ್ಪು ಯಾರಿಗೆ ಬೇಕು? ಬೇಕಾದ ನಾಲ್ಕು ಜನಕ್ಕೆ ತೈವಾನಿನಿಂದ ಪ್ಲಾಸ್ಟಿಕ್ಕಿನದು ಬರುತ್ತಿತ್ತು. ನೂರಾ ನಲವತ್ತು ಜನ ಒಂದೇ ಶುಕ್ರವಾರ ಬೀದಿಗೆ ಬಿದ್ದರು. ರಾಜ್ಯ ಸರ್ಕಾರ ನಿರುದ್ಯೋಗ ಭತ್ಯೆ ಕೊಡುತ್ತದೆ, ಇಲ್ಲವೆನ್ನಬಾರದು. ಆದರೆ ಅದನ್ನು ಪಡೆಯುವುದೇ ಒಂದು ಉದ್ಯೋಗ. ವಾರವಾರವೂ ಕಾರ್ಡು ತುಂಬಿ ಕಳಿಸಬೇಕು, ಆ ವಾರದ ಲೆಕ್ಕ ಗುರುವಾರಕ್ಕೆ ಮುಗಿಯುತ್ತದೆ. ಈ ವಾರ ನಿನಗೆ ಕೆಲಸ ಮಾಡುವ ಶಕ್ತಿ ಇತ್ತೇ? ಕರೆದರೆ ಹೋಗಲು ತಯಾರಿದ್ದೆಯಾ? ಸಿಕ್ಕಿದ ಕೆಲಸವನ್ನು ಬೇಡವೆಂದೆಯಾ? ಎಲ್ಲೆಲ್ಲಿ ಕೆಲಸ ಕೇಳಿದೆ, ಮೂರು ಹೆಸರು ಬರಿ. ಒಂದು ಉತ್ತರ ಎಡವಟ್ಟಾದರೂ ಚೆಕ್ಕು ನಿಲ್ಲುತ್ತದೆ.

ಮೂರು ಹೆಸರು ಎಲ್ಲಿಂದ ತರುವುದು? ನಮ್ಮೂರಿನಲ್ಲಿ ಉಳಿದಿದ್ದು ಸ್ಕೂಲು, ದಿನಸಿ ಅಂಗಡಿ, ಒಂದು ಹೋಟೆಲು, ಒಂದು ಗ್ಯಾರೇಜು, ಮತ್ತೆ ಒಡೀಲಳ ಅಂಗಡಿ. ಮೊದಲ ತಿಂಗಳಲ್ಲೇ ಬೇಸತ್ತು ಮಿಕ್ಕವರೆಲ್ಲ 'ಕೆಲಸ ಖಾಲಿ ಇಲ್ಲ' ಎಂಬ ಬೋರ್ಡು ತಗುಲಿಸಿಬಿಟ್ಟರು. ಬೋರ್ಡು ಇರುವಲ್ಲಿ ಕೇಳಿದರೆ ಅದು ಲೆಕ್ಕಕ್ಕಿಲ್ಲವೆಂದು ಭತ್ಯೆಯ ಆಫೀಸಿನಿಂದ ಕಾಗದ ಬಂತು. ನೀನೂ ಒಂದು ಬೋರ್ಡು ಹಾಕಬಾರದೇ ಎಂದು ಒಡೀಲಳಿಗೆ ಹೋಟೆಲಿನವನು ಹೇಳಿ ನೋಡಿದ. ಕೇಳಲು ಬಂದವನಿಗೆ ಬಾಯಿಬಿಟ್ಟು ಇಲ್ಲವೆನ್ನುವಷ್ಟು ಮರ್ಯಾದೆಯೂ ನನಗಿಲ್ಲವೇ ಎಂದು ಅವಳು ಅವನನ್ನೇ ಗದರಿದಳು. ಹೀಗಾಗಿ ಗುರುವಾರದ ಸಾಲು ಅವಳ ಪಾಲಿಗೆ ಬಂತು. ಉಳಿದೆರಡು ಹೆಸರಿಗೆ ಜನ ಹದಿನೆಂಟು ಮೈಲಿ ಆಚೆಯ ಪಟ್ಟಣಕ್ಕೆ ಹೋಗುತ್ತಿದ್ದರು.

ಒಡೀಲಳಿಗೆ ಆಗ ಐವತ್ತೆಂಟು. ಅವಳ ಅಜ್ಜ ಕ್ವಿಬೆಕ್‌ನಿಂದ ಗಡಿ ದಾಟಿ ಅಮೆರಿಕದ ಈ ಕಾಡುಸೀಮೆಗೆ ಮರ ಕಡಿಯಲು ಬಂದವನು. ಅಪ್ಪ ಅಂಗಡಿ ಇಟ್ಟ. ಒಬ್ಬಳೇ ಮಗಳು, ಸನ್ಯಾಸಿನಿಯರ ಶಾಲೆಯಲ್ಲಿ ಹದಿನಾಲ್ಕು ವರ್ಷದವರೆಗೆ ಓದಿ ಕೌಂಟರಿನ ಹಿಂದೆ ನಿಂತವಳು ನಿಂತೇ ಇದ್ದಳು. ಗಂಡ ರೋಜೇರ್ ಆನೆಯಂಥ ಆಳು, ಮಾತು ಕಡಿಮೆ. ಭಾರ ಎತ್ತುವುದು ಅವನದು, ಕಾಗದಪತ್ರ ಇವಳದು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರಾದರೂ ಮೂಗು ತೂರಿಸಿದರೆ ಅವರಿಗೆ ಮೊಳೆ ತೂಗಿಕೊಡುವಾಗ ಕಡ್ಡಿಯಷ್ಟೂ ಹೆಚ್ಚು ಹಾಕುತ್ತಿರಲಿಲ್ಲ. ನಾಲಿಗೆ ಹರಿತ, ಕೈ ಚೊಕ್ಕ. ಶುಕ್ರವಾರ ಬಂದವನೊಬ್ಬ ನಿನ್ನೆಯ ತಾರೀಕು ಹಾಕಿಕೊಡು ಎಂದು ಅಂಗಲಾಚಿದಾಗ, ಶುಕ್ರವಾರ ಬಂದವನು ಶುಕ್ರವಾರವೇ ಬಂದ ಎಂದು ಹಾಗೇ ಬರೆದುಕೊಟ್ಟಿದ್ದಳು. ಅವನು ಆಮೇಲೆ ಮೂರು ವಾರ ಮಾತು ಬಿಟ್ಟಿದ್ದ.

ಹಿಂದೆ ಯಾವಾಗಲೋ ಅಂಗಡಿಯಲ್ಲಿ ಸಂಬಳದ ಗುಮಾಸ್ತನೊಬ್ಬ ಇದ್ದ ಕಾಲಕ್ಕೆ ಒಡೀಲಳೂ ಸರ್ಕಾರಕ್ಕೆ ಈ ಭತ್ಯೆಗೆಂದು ಮಾಲೀಕರು ಕಟ್ಟಬೇಕಾದ ವಿಮೆಯ ಕಂತು ಕಟ್ಟುತ್ತಿದ್ದಳು. ಆಗ ಬಂದ ಮಾಲೀಕರ ಕೈಪಿಡಿಯನ್ನು ಅವಳು ಪ್ರಾರ್ಥನೆ ಪುಸ್ತಕಕ್ಕಿಂತ ಹೆಚ್ಚು ಸಲ ಓದಿದ್ದಳು. ಫ್ಯಾಕ್ಟರಿ ಮುಚ್ಚಿದಾಗ ಊರಿಗೆಲ್ಲ ಲೆಕ್ಕ ಬಿಡಿಸಿ ಹೇಳಿದವಳು ಅವಳೇ. ಕಂದು ಕಾಗದದ ಚೀಲದ ಮೇಲೆ ಬಡಗಿ ಪೆನ್ಸಿಲಿನಿಂದ ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ತುಂಡು ಮಾಡುವಳು. ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಇಂಥ ಐದು ಮುಗಿದ ತುಂಡು ಎಣಿಸು. ತೀರ ಈಚಿನದನ್ನು ಬಿಟ್ಟುಬಿಡು. ಉಳಿದ ನಾಲ್ಕರಲ್ಲಿ ಯಾವುದರಲ್ಲಿ ಅತಿ ಹೆಚ್ಚು ದುಡಿದೆಯೋ ಆ ಸಂಬಳವನ್ನು ಇಪ್ಪತ್ತೆರಡರಿಂದ ಭಾಗಿಸು. ಅದೇ ನಿನ್ನ ವಾರದ ಭತ್ಯೆ, ಇಪ್ಪತ್ತಾರು ವಾರ. ನೀನು ಎಷ್ಟು ವರ್ಷ ಬೆವರು ಸುರಿಸಿದೆ ಎನ್ನುವುದು ಎಲ್ಲೂ ಬರುವುದಿಲ್ಲ.

ಈ ಲೆಕ್ಕದಲ್ಲಿ ಮುಗ್ಗರಿಸಿದವನು ಲುಡ್ಜರ್ ಗೋಡ್ರೋ. ಒಡೀಲಳ ಶಾಲೆಯ ಜೊತೆಗಾರ, ಐವತ್ತೇಳು ವರ್ಷ, ಫ್ಯಾಕ್ಟರಿಯಲ್ಲಿ ಮೂವತ್ತನಾಲ್ಕು ವರ್ಷ ಮರ ಕಡೆಯುವ ಕಡಸಲು ಯಂತ್ರದ ಮುಂದೆ ನಿಂತವನು. ಫ್ಯಾಕ್ಟರಿ ಮುಚ್ಚಿದ ವಾರವೇ ಎಲ್ಲರೂ ಅರ್ಜಿ ಹಾಕಿದರು, ಇವನು ಹಾಕಲಿಲ್ಲ. ಈಸ್ಟರ್ ಆದ ಮೇಲೆ ಮತ್ತೆ ತೆಗೆಯುತ್ತೇವೆ ಎಂದು ಮಾಲೀಕ ಹೇಳಿದ್ದನ್ನು ನಂಬಿ ಕೂತ. ದುಡಿಯದೆ ತಿನ್ನುವ ದುಡ್ಡು ತನಗೆ ಬೇಡವೆಂಬ ಬಿಗುಮಾನವೂ ಇತ್ತೆನ್ನಿ. ಮಾರ್ಚಿನಲ್ಲಿ ಒಡೀಲ್ ಅವನನ್ನು ಹಿಡಿದು ನಿಲ್ಲಿಸಿ ಬೈದಳು. ಎಂಬತ್ತೊಂದರ ಕೊನೆಯ ಮೂರು ತಿಂಗಳು ಓವರ್‌ಟೈಮ್ ಮಾಡಿದ್ದೀಯ, ಆಮೇಲೆ ಪೂರಾ ವರ್ಷ ವಾರಕ್ಕೆ ನಾಲ್ಕೇ ದಿನದ ಕೆಲಸ. ಈ ತಿಂಗಳೊಳಗೆ ಅರ್ಜಿ ಹಾಕಿದರೆ ಆ ಒಳ್ಳೆಯ ತುಂಡು ಲೆಕ್ಕಕ್ಕೆ ಬರುತ್ತದೆ, ಏಪ್ರಿಲ್ ಬಂದರೆ ಜಾರಿಹೋಗುತ್ತದೆ ಎಂದು ಚೀಲದ ಮೇಲೆ ಬರೆದೂ ತೋರಿಸಿದಳು. ಅವನು ತಲೆಯಾಡಿಸಿ ಹೋದ. ಈಸ್ಟರ್ ಕಳೆಯಿತು, ಫ್ಯಾಕ್ಟರಿಯ ಯಂತ್ರಗಳನ್ನು ಬಿಚ್ಚಿ ಲಾರಿಗೆ ಹೇರಿದರು. ಏಪ್ರಿಲ್ ಐದಕ್ಕೆ ಲುಡ್ಜರ್ ಅರ್ಜಿ ಹಾಕಿದ. ನೂರಾ ಹನ್ನೆರಡು ಡಾಲರ್ ಬರಬೇಕಾದವನಿಗೆ ಎಪ್ಪತ್ತನಾಲ್ಕು ಬಂತು.

ಆ ಎಪ್ಪತ್ತನಾಲ್ಕೇ ಅವನ ಮನೆಯ ಆಧಾರ. ಹೆಂಡತಿ ಇವೆಟ್‌ಗೆ ಸಂಧಿವಾತ, ಬೆರಳು ಮಡಚಲು ಬರುವುದಿಲ್ಲ. ವೃದ್ಧಾಪ್ಯದ ಪಿಂಚಣಿಗೆ ಇನ್ನೂ ಐದು ವರ್ಷ ಬಾಕಿ. ಗುರುವಾರ ಲುಡ್ಜರ್ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಬಾಗಿಲಿನಿಂದ ಕೌಂಟರಿಗೆ ಹತ್ತು ಹೆಜ್ಜೆ, ನಡುವೆ ಬಣ್ಣದ ಡಬ್ಬಗಳ ಹತ್ತಿರ ಒಂದು ಗಳಿಗೆ ನಿಂತು ಬೆಲೆಪಟ್ಟಿ ಓದುತ್ತಿದ್ದ. ಮನೆಗೆ ಬಣ್ಣ ಹೊಡೆಸುವ ಯೋಚನೆಯಿರಬೇಕೆಂದು ಒಡೀಲ್ ಅಂದುಕೊಂಡಿದ್ದಳು.

ಮೇ ತಿಂಗಳಲ್ಲಿ ರೋಜೇರ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅಷ್ಟು ದೊಡ್ಡ ಮನುಷ್ಯನನ್ನು ಮಗ್ಗುಲು ಹೊರಳಿಸುವುದಕ್ಕೇ ಒಡೀಲಳ ಸೊಂಟ ಮುರಿಯುತ್ತಿತ್ತು, ಇನ್ನು ಅಂಗಡಿಯ ಸಾಮಾನು ಯಾರು ಎತ್ತಬೇಕು? ಒಂದು ತಿಂಗಳು ಹೇಗೋ ತಳ್ಳಿದಳು. ಜೂನ್ ಎರಡನೆಯ ಗುರುವಾರ ಎಂಬತ್ತು ಚೀಲ ಸಿಮೆಂಟು ಬಂತು. ಒಂದೊಂದು ಚೀಲವೂ ನಲವತ್ತು ಕೆಜಿ ಮೀರಿದ್ದು. ಲಾರಿಯವನು ಹಿತ್ತಲಲ್ಲಿ ಇಳಿಸಿ, ಒಳಗೆ ಜೋಡಿಸುವುದು ತನ್ನ ಕೆಲಸವಲ್ಲವೆಂದು ಹೊರಟುಹೋದ. ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿತ್ತು. ನೆನೆದರೆ ಎಂಬತ್ತು ಚೀಲವೂ ಕಲ್ಲು. ಆ ಹೊತ್ತಿನಲ್ಲಿ ಸಾಲಿನ ಮುಂದೆ ಇದ್ದವನು ಲುಡ್ಜರ್. ಹಾಳೆ ಚಾಚಿ, ಅಭ್ಯಾಸಬಲದಿಂದ ಕೇಳಿದ.

"ಕೆಲ್ಸ ಏನಾದ್ರೂ ಇದ್ಯೇನೇ ಒಡೀಲ್?"

"ಇದೆ," ಅಂದಳು.

ಅಂಗಡಿಯಲ್ಲಿ ಐದು ಜನ ಇದ್ದರು. ಐವರೂ ಗರಬಡಿದವರಂತೆ ನಿಂತರು. ನಾಲ್ಕು ತಿಂಗಳಲ್ಲಿ ಆ ಪ್ರಶ್ನೆಗೆ ಆ ಉತ್ತರ ಯಾರೂ ಕೇಳಿರಲಿಲ್ಲ. ವಾರಕ್ಕೆ ಹದಿನಾರು ಗಂಟೆ, ಕನಿಷ್ಠ ಕೂಲಿ, ಸಿಮೆಂಟು ಗೊಬ್ಬರ ಎತ್ತಿ ಇಳಿಸುವ ಕೆಲಸ ಎಂದು ಅವಳು ವಿವರಿಸಿದಳು. ಇಂಥ ಅರೆಕೆಲಸದ ಸಂಬಳ ಬಂದರೆ ಸರ್ಕಾರ ಹತ್ತು ಡಾಲರ್ ಬಿಟ್ಟು ಉಳಿದದ್ದನ್ನು ಭತ್ಯೆಯಲ್ಲಿ ಮುರಿದುಕೊಳ್ಳುತ್ತದೆ. ಅಂದರೆ ವಾರಪೂರ್ತಿ ಬೆನ್ನು ಬಗ್ಗಿಸಿದರೂ ಕೈಗೆ ಹೆಚ್ಚಾಗಿ ಬರುವುದು ಹತ್ತೇ ಡಾಲರ್. ಬೇಡವೆಂದರೋ, ಸಿಕ್ಕಿದ ಕೆಲಸ ಬಿಟ್ಟವನೆಂದು ಪೂರ್ತಿ ಚೆಕ್ಕು ಹೋಗುತ್ತದೆ. ಹಿಂದೆ ನಿಂತ ನಾಲ್ವರೂ, ಅದರಲ್ಲಿ ಇಬ್ಬರು ಗಟ್ಟಿಮುಟ್ಟಾದ ಹುಡುಗರು, ಮೊಳೆಯ ಡಬ್ಬಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವರನ್ನು ಬೈದು ಏನು ಪ್ರಯೋಜನ? ಕೇಳಿದವನು ಲುಡ್ಜರ್, ಉತ್ತರ ಸಿಕ್ಕಿದ್ದು ಲುಡ್ಜರ್‌ಗೆ.

"ಯಾವಾಗಿಂದ?" ಎಂದು ಅವನು ಮೆಲ್ಲಗೆ ಕೇಳಿದ.

ಆವತ್ತಿನ ಮಟ್ಟಿಗೆ ಸಿಮೆಂಟಿನ ಮೇಲೆ ಟಾರ್ಪಾಲು ಎಳೆದು ನಾಲ್ಕು ಮೂಲೆಗೂ ಕಲ್ಲು ಹೇರಿಹೋದ. ಸೋಮವಾರ ಸರಿಯಾಗಿ ಎಂಟಕ್ಕೆ ಹಾಜರು. ಹಿತ್ತಲಿನ ಶೆಡ್ಡಿನಲ್ಲಿ ಅವನಷ್ಟಕ್ಕೆ ಅವನು ಕೆಲಸ ಮಾಡುತ್ತಿದ್ದ. ಒಳಗೆ ಗಿರಾಕಿ, ಮಹಡಿಯ ಮೇಲೆ ಹಾಸಿಗೆ ಹಿಡಿದ ಗಂಡ, ಒಡೀಲಳಿಗೆ ಹಿಂದಿರುಗಿ ನೋಡಲು ಪುರುಸೊತ್ತಿಲ್ಲ. ಕೆಲಸ ನಿಧಾನ ಎನ್ನುವುದು ಮಾತ್ರ ಕಾಣುತ್ತಿತ್ತು. ನಾಲ್ಕು ದಿನಕ್ಕೆ ಮೂವತ್ತು ಚೀಲ ಒಳಗೆ ಹೋಗಿತ್ತು. ವಯಸ್ಸಾಯಿತು, ಪಾಪ, ಎಂದುಕೊಂಡಳು. ಒಂದು ದಿನ ಇವೆಟ್ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ, ದೋಸೆಯಂಥ ಪ್ಲಾಯ್ ಕಟ್ಟಿ ಕಳಿಸಿದ್ದಳು, ಸೊಟ್ಟ ಬೆರಳಿನಲ್ಲಿ ಹುಯ್ದದ್ದು, ಅಂಚೆಲ್ಲ ಸೊಟ್ಟ. ಕೆಲಸ ಕೊಟ್ಟಿದ್ದಕ್ಕೆ ಕೃತಜ್ಞತೆಯಂತೆ. ಒಡೀಲ್ ಅದನ್ನು ತಿಂದಳು. 

ಎರಡನೆಯ ವಾರದ ಗುರುವಾರ ಬೆಳಿಗ್ಗೆ ಗೊಬ್ಬರದ ಚೀಲ ಕೇಳಿಕೊಂಡು ಯಾರೋ ಬಂದರು. ಲುಡ್ಜರನನ್ನು ಕೂಗಿದಳು, ಉತ್ತರವಿಲ್ಲ. ಶೆಡ್ಡಿಗೆ ಹೋಗಿ ನೋಡಿದರೆ ಅವನು ಸಿಮೆಂಟಿನ ರಾಶಿಯ ಹಿಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಎರಡು ಕೈಯನ್ನೂ ಮೊಣಕಾಲಿಗೆ ಊರಿ, ಬಾಯಿ ತೆರೆದು, ಗಾಳಿಯನ್ನು ಗುಟುಕು ಗುಟುಕಾಗಿ ಎಳೆಯುತ್ತಿದ್ದ. ತುಟಿ ನೀಲಿ. ಇವಳನ್ನು ಕಂಡದ್ದೇ ಎದ್ದು ನಿಲ್ಲಲು ನೋಡಿ ಆಗದೆ ಹಾಗೇ ಕುಸಿದ.  ಬಣ್ಣದ ಡಬ್ಬಗಳ ಮುಂದೆ ಅವನು ನಿಲ್ಲುತ್ತಿದ್ದುದು ಯಾಕೆಂದು ಒಡೀಲಳಿಗೆ ಆಗ ಹೊಳೆಯಿತು.

"ಎಷ್ಟ್ ದಿನದಿಂದ ಹೀಗೆ?"

"ಯಾರ್ಗೂ ಹೇಳ್ಬೇಡ ಕಣೇ." ಒಂದೊಂದು ಮಾತಿಗೂ ಉಸಿರು ಹುಡುಕಿಕೊಂಡ. "ಮರದ ಧೂಳು. ಮೂವತ್ನಾಲ್ಕು ವರ್ಷ ನುಂಗಿದ್ದು. ಶಕ್ತಿ ಇಲ್ಲ ಅಂತ ಗೊತ್ತಾದ್ರೆ ಚೆಕ್ ನಿಲ್ಲಿಸ್ತಾರೆ."

"ಡಾಕ್ಟ್ರ ಹತ್ರ ಬರೆಸ್ಕೊಂಡು ದುಡಿಯೋಕಾಗ್ದೋರಿಗೆ ಕೊಡೋ ಆ ಪಿಂಚಣಿಗೆ ಹಾಕ್ಬಾರ್ದಿತ್ತಾ?"

"ಅದು ಬರೋಕೆ ವರ್ಷ ಆಗತ್ತಂತೆ. ವರ್ಷಪೂರ್ತಿ ಇವೆಟ್ ಏನ್ ತಿಂತಾಳೆ?"

ಒಡೀಲ್ ನೀರು ತಂದು ಕುಡಿಸಿದಳು. ಅವನನ್ನು ಕರೆದುಕೊಂಡು ಬಂದು ಕುರ್ಚಿಯ ಮೇಲೆ ಕೂರಿಸಿದಳು. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನ ಮೇಲೆ, ಫ್ಯಾಕ್ಟರಿಯ ಮೇಲೆ, ಮೊಳೆಯ ಡಬ್ಬಿ ನೋಡಿದ ಹುಡುಗರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಇದೆ ಎಂದು ಬಾಯಿ ಬಿಟ್ಟ ತನ್ನ ಮೇಲೆ. ನಾಳೆಯಿಂದ ಬರಬೇಡ, ಮನೆಯಲ್ಲಿರು ಎಂದಳು. ತಾನಾಗಿ ಬಿಟ್ಟರೂ ಚೆಕ್ಕು ಹೋಗುತ್ತದಲ್ಲ ಎಂದು ಅವನು ಗಾಬರಿಯಾದ.

"ಕಾಗದದ್ದು ನಾನು ನೋಡ್ಕೋತೀನಿ. ನೀನೇನೂ ತಲೆ ಕೆಡಿಸ್ಕೋಬೇಡ, ಹೋಗು," ಎಂದಳು ಒಡೀಲ್. ಅಷ್ಟೇ ಹೇಳಿದ್ದು. ಇನ್ನೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳುವ ಅಗತ್ಯ ಇದೆಯೆಂದು ಅವಳಿಗೆ ತೋಚಲಿಲ್ಲ.

ಕೆಲಸ ಬಿಟ್ಟವನ ಬಗ್ಗೆ ಮಾಲೀಕನಿಗೆ ಆಫೀಸಿನಿಂದ ಒಂದು ಫಾರಂ ಬರುತ್ತದೆ. ಯಾಕೆ ಬಿಟ್ಟ ಎಂಬುದಕ್ಕೆ ಮೂರು ಚೌಕ. ಕೆಲಸ ಇರಲಿಲ್ಲ, ತಾನಾಗಿ ಬಿಟ್ಟ, ಅವನ ತಪ್ಪಿಗಾಗಿ ನಾವೇ ತೆಗೆದೆವು. ಮೊದಲನೆಯದಕ್ಕೆ ಗುರುತು ಬಿದ್ದರೆ ಮಾತ್ರ ಭತ್ಯೆ ಮುಂದುವರಿಯುತ್ತದೆ. ಶುಕ್ರವಾರವನ್ನು ಗುರುವಾರ ಮಾಡದಿದ್ದ ಒಡೀಲ್, ಹಿತ್ತಲಿನಲ್ಲಿ ಇನ್ನೂ ಇಪ್ಪತ್ತೈದು ಚೀಲ ಬಿದ್ದಿರುವಾಗ, 'ಕೆಲಸ ಇರಲಿಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿ ರುಜು ಮಾಡಿ ಅಂಚೆಗೆ ಹಾಕಿದಳು. ಹಾಗೆ ಬರೆದ ಮೇಲೆ ಬೇರೆಯವರನ್ನು ಇಟ್ಟುಕೊಳ್ಳುವಂತಿಲ್ಲ. ಆಫೀಸಿನವರು ಫೋನು ಮಾಡಿ ವಿಚಾರಿಸುತ್ತಾರೆ. ಉಳಿದ ಚೀಲಗಳನ್ನು ಅವಳೇ ಗೋಣಿತಟ್ಟಿನ ಮೇಲೆ ಮಲಗಿಸಿ ಎಳೆದಳು, ದಿನಕ್ಕೆ ಎರಡು ಮೂರರಂತೆ. ಗುರುವಾರದವರು ಬಂದು ಕೆಲಸ ಇದೆಯಾ ಎಂದಾಗ ಸಿಮೆಂಟು ಮೆತ್ತಿದ ಕೈಯಲ್ಲೇ ಇಲ್ಲವೆಂದು ರುಜು ಹಾಕಿಕೊಟ್ಟಳು.

ಇತ್ತ ಲುಡ್ಜರ್ ಮನೆಯಲ್ಲಿ ಕೂತು ಯೋಚಿಸಿದ. ಫ್ಯಾಕ್ಟರಿಯ ಮೇಸ್ತ್ರಿ ವರ್ಷಗಟ್ಟಲೆ ಗೊಣಗಿದ್ದ ಒಂದು ಮಾತು ಅವನ ತಲೆಯಲ್ಲಿ ಕೂತಿತ್ತು. ಕೆಲಸವಿಲ್ಲವೆಂದು ಆಳನ್ನು ಕಳಿಸಿದರೆ, ಅವನು ತಿನ್ನುವ ಭತ್ಯೆಯೆಲ್ಲ ಕಳಿಸಿದ ಮಾಲೀಕನ ಖಾತೆಗೇ ಬೀಳುತ್ತದೆ, ವಿಮೆಯ ಕಂತು ಏರುತ್ತದೆ ಎನ್ನುವುದು ಆ ಮಾತು. ಕಾಗದ ನಾನು ನೋಡ್ಕೋತೀನಿ ಎಂದರೆ ಇನ್ನೇನು ಅರ್ಥ? ಗಂಡ ಮಂಚ ಹಿಡಿದಿದ್ದಾನೆ, ಅಂಗಡಿ ಕುಂಟುತ್ತಿದೆ, ಇದರ ಮೇಲೆ ನನ್ನ ಭತ್ಯೆಯ ಹೊರೆಯನ್ನೂ ಹೊರುತ್ತಾಳೆಯೇ ಅವಳು?  ಆ ವಾರದ ಕಾರ್ಡಿನಲ್ಲಿ, ಕೆಲಸ ಯಾಕೆ ನಿಂತಿತು ಎಂಬಲ್ಲಿ, ಅವನು ತನ್ನ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ. ಭಾರ ಎತ್ತಲು ನನ್ನಿಂದ ಆಗಲಿಲ್ಲ. ಮಾಲೀಕಳ ತಪ್ಪಿಲ್ಲ. ಅವಳ ಖಾತೆಗೆ ಹಾಕಬೇಡಿ.

ತಪ್ಪೊಪ್ಪಿಕೊಂಡವನನ್ನು ಪಾದ್ರಿ ಕ್ಷಮಿಸುತ್ತಾನೆ, ಇಲ್ಲವೇ ಪ್ರಾಯಶ್ಚಿತ್ತ ಹೇಳುತ್ತಾನೆ. ಪಕ್ಕದ ಮನೆಯವರನ್ನು ಕರೆಸಿ ಸಾಕ್ಷಿ ಕೇಳುವುದಿಲ್ಲ. ಹುಟ್ಟಿದಾಗಿನಿಂದ ಆ ಪದ್ಧತಿ ಕಂಡವನು ಲುಡ್ಜರ್. ತನ್ನ ಮೇಲೆ ತಾನೇ ಹೇಳಿಕೊಂಡ ಮೇಲೆ ಒಡೀಲಳನ್ನು ಯಾರು ಕೇಳುತ್ತಾರೆ, ಹೆಚ್ಚೆಂದರೆ ಎರಡು ಮೂರು ವಾರದ ಚೆಕ್ಕು ದಂಡ ಬೀಳಬಹುದು ಎಂದು ಅವನ ಅಂದಾಜು. ಎಂಥ ಮುಗ್ಧ! ಆಫೀಸಿನಲ್ಲಿ ಕಾರ್ಡು ಮತ್ತು ಫಾರಂ ಒಂದೇ ಮೇಜಿಗೆ ಬರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆಂದೇ ಒಬ್ಬರಿಗೆ ಸಂಬಳ ಕೊಡುತ್ತಾರೆ.

ಜುಲೈ ಕೊನೆಯಲ್ಲಿ ಇಬ್ಬರಿಗೂ ವಿಚಾರಣೆಯ ನೋಟೀಸು ಬಂತು. ಅಷ್ಟರಲ್ಲಿ ಲುಡ್ಜರನಿಗೆ ನಾಲ್ಕು ವಾರದಿಂದ ಚೆಕ್ಕಿಲ್ಲ. ಒಡೀಲ್ ಅವನನ್ನು ತನ್ನ ಹಳೆಯ ಕಾರಿನಲ್ಲಿ ಪಟ್ಟಣದ ಆಫೀಸಿಗೆ ಕರೆದುಕೊಂಡು ಹೋದಳು. ಹದಿನೆಂಟು ಮೈಲಿಯೂ ಅವನು ತಾನು ಕಾರ್ಡಿನಲ್ಲಿ ಏನು ಬರೆದೆನೆಂದು ಹೇಳಲಿಲ್ಲ, ಅವಳೂ ಫಾರಂನ ಸುದ್ದಿ ಎತ್ತಲಿಲ್ಲ. ಒಬ್ಬರಿಗೆ ಮಾಡಿದ ಉಪಕಾರವನ್ನು ಬಾಯಿಬಿಟ್ಟು ಆಡಬಾರದೆಂದು ಇಬ್ಬರಿಗೂ ಒಂದೇ ಶಾಲೆಯಲ್ಲಿ ಕಲಿಸಿದ್ದರು. ಆಫೀಸಿನವರು ಏನೋ ಗೊಂದಲ ಮಾಡಿಕೊಂಡಿದ್ದಾರೆ, ಹೋಗಿ ಹೇಳಿದರೆ ಸರಿಹೋಗುತ್ತದೆ ಎಂದುಕೊಂಡೇ ಒಡೀಲ್ ಗಾಡಿ ಓಡಿಸಿದಳು.

ವಿಚಾರಣೆ ಮಾಡಿದವನು ಲೀವಿಟ್ ಎಂಬ ನಡುವಯಸ್ಸಿನ ಅಧಿಕಾರಿ. ಕೆಟ್ಟವನಲ್ಲ. ಕುರ್ಚಿ ಎಳೆದುಕೊಟ್ಟ, ನೀರು ಬೇಕೇ ಎಂದ. ಆಮೇಲೆ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಬಲಗೈ ಎತ್ತಿಸಿ, ಸತ್ಯವನ್ನೇ ಹೇಳುತ್ತೇವೆಂದು ಇಬ್ಬರಿಂದಲೂ ಪ್ರಮಾಣ ಮಾಡಿಸಿದ. ಮೊದಲು ಒಡೀಲಳ ಫಾರಂ ಓದಿದ. ಇದು ನಿಜವೇ?

"ನಿಜ. ಕೆಲ್ಸ ಇರ್ಲಿಲ್ಲ," ಎಂದಳು.

ಹಾಗಾದರೆ ಈಗ ಅಂಗಡಿಯಲ್ಲಿ ಭಾರ ಎತ್ತುವವರು ಯಾರು ಎಂದು ಅವನು ಕೇಳಿದ. ನಾನೇ ಎಂದಳು. ಅವನು ಅವಳ ಕೈಯನ್ನು ಒಂದು ಸಲ ನೋಡಿದ. ಸಿಮೆಂಟು ತಿಂದ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಆಮೇಲೆ ಲುಡ್ಜರನ ಕಾರ್ಡನ್ನು ಎತ್ತಿಕೊಂಡು ಓದಿದ. ಒಡೀಲ್ ಅದನ್ನು ಕೇಳಿದ್ದು ಆಗಲೇ ಮೊದಲು. ಖಾತೆಗೆ ಹಾಕಬೇಡಿ ಎನ್ನುವವರೆಗೂ ಕೇಳಿ, ತಿರುಗಿ ಲುಡ್ಜರನ ಮುಖ ನೋಡಿದಳು. ಅವನು ಟೋಪಿಯ ಅಂಚು ತಿರುವುತ್ತ ಕೂತಿದ್ದ.

"ಅವ್ಳು ನನಗೋಸ್ಕರ ಸುಳ್ಳು ಹೇಳ್ತಿದಾಳೆ ಸಾರ್," ಎಂದ. "ಬೇಕಾದಷ್ಟು ಕೆಲ್ಸ ಇತ್ತು. ಮಾಡೋಕೆ ನನ್ ಕೈಲಿ ಆಗ್ಲಿಲ್ಲ. ನನ್ ಭತ್ಯೆ ಅವಳ ಅಂಗಡಿ ಮೇಲೆ ಬೀಳಬಾರ್ದು."

ಲೀವಿಟ್ ಪೆನ್ನು ಕೆಳಗಿಟ್ಟ. ಇವರ ಮೇಲೆ ಯಾಕೆ ಬೀಳುತ್ತದೆ ಎಂದು ಅವನಿಗೇ ಅರ್ಥವಾಗಲಿಲ್ಲ. ಆಮೇಲೆ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. ನಿಮ್ಮ ಭತ್ಯೆ ಹೋದ ವರ್ಷದ ಸಂಬಳದ ಮೇಲೆ ಲೆಕ್ಕ ಹಾಕಿದ್ದು. ಹೋದ ವರ್ಷ ನಿಮಗೆ ಸಂಬಳ ಕೊಟ್ಟದ್ದು ಫ್ಯಾಕ್ಟರಿ. ಹೊರೆ ಬೀಳುವುದೂ ಅದರ ಖಾತೆಗೇ. ಇವರ ಅಂಗಡಿಯ ಎರಡು ವಾರ ಈ ವರ್ಷದ ಜೂನಿನದು, ಈ ಲೆಕ್ಕದೊಳಗೆ ಅದು ಬರುವುದೇ ಇಲ್ಲ.

"ಒಂದು ಸೆಂಟೂ ಇಲ್ವಾ?" ಎಂದು ಲುಡ್ಜರ್ ಕೇಳಿದ.

"ಒಂದು ಸೆಂಟೂ ಇಲ್ಲ."

ಟೇಪಿನ ಚಕ್ರ ತಿರುಗುತ್ತಿತ್ತು. ಲೀವಿಟ್ ಗಂಟಲು ಸರಿಮಾಡಿಕೊಂಡು, ತಾನು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂದ. ನೀವು ಉಸಿರಿಗೆ ಒದ್ದಾಡುವುದು ಕಾಣುತ್ತಿದೆ, ಯಾವಾಗಿನಿಂದ ಹೀಗೆ? ಒಡೀಲ್ ಮೇಜಿನ ಕೆಳಗೆ ಲುಡ್ಜರನ ತೋಳು ಹಿಡಿದು ಜಗ್ಗಿದಳು. ಹೋದ ತಿಂಗಳಿನಿಂದ ಎನ್ನು, ಸಿಮೆಂಟು ಎತ್ತಿದ ಮೇಲೆ ಬಂತು ಎನ್ನು, ಏನಾದರೂ ಅನ್ನು. ಲುಡ್ಜರ್ ಒಮ್ಮೆ ತಾನು ಎತ್ತಿದ್ದ ಬಲಗೈಯನ್ನು ನೋಡಿಕೊಂಡ.

"ಮೂರು ವರ್ಷ ಆಯ್ತು ಸಾರ್."

ಅಲ್ಲಿಗೆ ಮುಗಿಯಿತು. ಮೂರು ವರ್ಷದಿಂದ ಉಸಿರು ಸಾಲದವನು ಏಪ್ರಿಲಿನಿಂದ ವಾರವಾರವೂ ಶಕ್ತಿ ಇದೆ ಎಂದು ಬರೆದಿದ್ದಾನೆ. ತೀರ್ಪು ಅಂಚೆಯಲ್ಲಿ ಬರುತ್ತದೆ, ಆದರೆ ನಿಮ್ಮನ್ನು ಸುಮ್ಮನೆ ಕಾಯಿಸಲಾರೆ ಎಂದು ಲೀವಿಟ್ ತಗ್ಗಿದ ದನಿಯಲ್ಲಿ ಹೇಳಿದ. ಇನ್ನು ಮುಂದೆ ಭತ್ಯೆ ಇಲ್ಲ. ಈವರೆಗೆ ಪಡೆದ ಹನ್ನೊಂದು ಚೆಕ್ಕಿನ ಹಣವನ್ನೂ ವಾಪಸು ಕಟ್ಟಬೇಕು. ಕಂತಿನಲ್ಲಿ ಕಟ್ಟಬಹುದು. ರೆಕಾರ್ಡರನ್ನು ಆರಿಸಿದ ಮೇಲೆ ಒಡೀಲಳ ಕಡೆ ತಿರುಗಿ, ನಿಮ್ಮ ಫಾರಂ ಕೈತಪ್ಪಿನಿಂದ ಆದದ್ದೆಂದು ಬರೆದುಕೊಳ್ಳುತ್ತೇನೆ ಎಂದ. ಅದು ಅವಳ ಕಿವಿಗೇ ಬೀಳಲಿಲ್ಲ.

ಹಿಂದಿರುಗುವಾಗ ಆರೇಳು ಮೈಲಿ ಎರಡೂ ಕಡೆ ಫ್ಯಾಕ್ಟರಿಯವರು ಕಡಿದು ಬಿಟ್ಟ ಬರ್ಚ್ ಕಾಡಿನ ಮೋಟುಗಳು. ಲುಡ್ಜರ್ ಕಿಟಕಿಯ ಗಾಜು ಇಳಿಸಿಕೊಂಡು ಗಾಳಿಗೆ ಮುಖ ಒಡ್ಡಿದ್ದ. ಇವೆಟ್‌ಗೆ ಏನೆಂದು ಹೇಳುವುದು ಎನ್ನುವುದೇ ಅವನ ಚಿಂತೆಯಿರಬೇಕೆಂದು ಒಡೀಲ್ ಅಂದುಕೊಂಡಳು. ಏನಾದರೂ ಸಮಾಧಾನ ಹೇಳಬೇಕು. 

"ಒಡೀಲ್," ಎಂದ ಅವನು, ಹೊರಗೆ ನೋಡುತ್ತಲೇ. "ಆ ಅಧಿಕಾರಿ ಹೇಳಿದ್ನಲ್ಲ. ನಿನ್ ಖಾತೆಗೆ ಬರಲ್ಲ ಅಂತ. ಅದು ನಿನಗೆ ಮೊದ್ಲೇ ಗೊತ್ತಿತ್ತಾ?"

ಕೈಪಿಡಿಯಲ್ಲಿ ಅದು ಯಾವ ಪುಟದ ಯಾವ ಮೂಲೆಯಲ್ಲಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಊರಿನ ನೂರು ಜನಕ್ಕೆ ಚೀಲದ ಮೇಲೆ ಲೆಕ್ಕ ಬರೆದುಕೊಟ್ಟವಳು ಆ ಒಂದು ಸಾಲನ್ನು ಅವನಿಗೆ ಹೇಳಿರಲಿಲ್ಲ. ತನ್ನ ಅಂಗಡಿಯ ನಷ್ಟವನ್ನು ನೆನೆದು ಒಬ್ಬ ಮನುಷ್ಯ ಹೀಗೆ ಕಷ್ಟಪಡಬಹುದೆಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಗೊತ್ತಿರಲಿಲ್ಲ ಎಂದುಬಿಡಬಹುದಿತ್ತು. ಆದರೆ ಆ ದಿನ ಅವಳು ಆಗಲೇ ಒಂದು ಸುಳ್ಳು ಹೇಳಿ ನೋಡಿದ್ದಳು.

"ಗೊತ್ತಿತ್ತು," ಎಂದಳು.

ಲುಡ್ಜರ್ ತಲೆಯಾಡಿಸಿದ. ಸಿಟ್ಟು ಮಾಡಿದ್ದರೆ, ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಊರು ಬಂದಾಗ, ಬೀದಿಯ ಕೊನೆಯಲ್ಲೇ ಇಳಿಸು, ಕಾರಿನ ಸದ್ದು ಕೇಳಿದರೆ ಇವೆಟ್ ಎದ್ದು ಬಾಗಿಲಿಗೆ ಬರುತ್ತಾಳೆ ಎಂದ. ಇಳಿದು ನಾಲ್ಕು ಮನೆ ದಾಟುವಷ್ಟರಲ್ಲಿ ಎರಡು ಸಲ ಬೇಲಿ ಹಿಡಿದು ನಿಂತ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ಒಡೀಲ್ ಕಾರಿನಲ್ಲೇ ಕೂತಿದ್ದಳು.